ಮೊದಲು ಹಾಕಬೇಕಿದ್ದ ಫೋಲ್ಡರ್

ಪ್ರೀತಿಯ ಒಸ್ವೆಲ್,

ಈ ಕಾಗದವನ್ನು ನಿನಗಿಂತ ಮೊದಲು ಜೈಲಿನವರು ಓದುತ್ತಾರೆಂದು ಗೊತ್ತು. ಓದಲಿ. ನನ್ನ ಅಣ್ಣ ಎವೆಲಿಯೋನ ಕಣ್ಣು ತೆಗೆದವನು ನೀನು ಎಂದು ಕಮಗ್ವೇಯ್ ಊರಿಗೆ ಊರೇ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ಆ ಕಣ್ಣು ಹೋಗಿದ್ದಕ್ಕೆ ಕಾರಣ ನಾನು. ಗುರುವಾರ ನಿನ್ನ ವಿಚಾರಣೆ. ಅದಕ್ಕೆ ಮುಂಚೆ ಇದನ್ನು ನಿನಗೆ ಹೇಳಲೇಬೇಕು.

ನಿನ್ನನ್ನು ನಾನು ಸೋಮವಾರಗಳಲ್ಲೇ ನೆನೆಯುವುದು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ನಮ್ಮ ಬೀದಿಗೆ ವಾರದ ಪಾಕೆತೆ ತರುತ್ತಿದ್ದವನು ನೀನು. ಧಾರಾವಾಹಿ, ಸಿನಿಮಾ, ಹಾಡು ಎಲ್ಲ ತುಂಬಿಕೊಂಡ ಒಂದೇ ಡಿಸ್ಕು. ಅದನ್ನು ನೀನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಸಿಕ್ಕಿಸಿಕೊಂಡು ಸೈಕಲ್ ತುಳಿಯುತ್ತಿದ್ದೆ. ಮನೆಗೊಂದು ಗಂಟೆ. ಅಷ್ಟರಲ್ಲಿ ಬೇಕಾದ್ದನ್ನು ನಕಲು ಮಾಡಿಕೊಂಡು ಡಿಸ್ಕು ಬಿಟ್ಟುಕೊಡಬೇಕು. ಊರಿನ ಅರ್ಧ ಕಂಪ್ಯೂಟರುಗಳ ಎಂಜಲುಂಡು ಬಂದ ಡಿಸ್ಕು ಅದು, ವೈರಸ್ಸಿಗೇನು ಬರ. ಅದಕ್ಕೆ ಮದ್ದೂ ಅದರೊಳಗೇ ಇರುತ್ತಿತ್ತು, ಆ ವಾರದ ಆಂಟಿವೈರಸ್ ಅಪ್‌ಡೇಟ್.

"ಮೊದ್ಲು ಈ ಫೋಲ್ಡರ್ ಹಾಕ್ಕೋ ಕಣೇ. ಆಮೇಲೆ ಡಿಸ್ಕ್ ಪೂರ್ತಿ ಸ್ಕ್ಯಾನ್ ಮಾಡು. ಕೊನೇಗೆ ನಿನ್ನ ಅಳುಮುಂಜಿ ಧಾರಾವಾಹಿ," ಎಂದು ನೀನು ವಾರವಾರವೂ ಹೇಳುತ್ತಿದ್ದೆ. ನಾನು "ಅಪ್ಪಣೆ, ಡಾಕ್ಟ್ರೇ" ಎಂದು ಕಾಫಿ ಲೋಟ ಕೈಗಿಡುತ್ತಿದ್ದೆ. ಸ್ಕ್ಯಾನ್ ನಿಧಾನವಾದಷ್ಟೂ ನನಗೆ ಖುಷಿ, ನೀನು ಪಕ್ಕದ ಕುರ್ಚಿಯಲ್ಲಿ ಇನ್ನಷ್ಟು ಹೊತ್ತು ಕೂರುತ್ತೀಯಲ್ಲ. ನಿನ್ನ ಮೇಲೆ ನನಗೆ ಮನಸ್ಸಿತ್ತು. ಶಾಲೆಯ ದಿನದಿಂದಲೂ ಇತ್ತು. ಹೇಳಲಿಲ್ಲ, ಈಗ ಹೇಳುವ ಯೋಗ್ಯತೆ ಉಳಿದಿಲ್ಲ.

ಆ ಸೋಮವಾರ ನೀನು ಕೂರಲಿಲ್ಲ. ಮೂಲೆಮನೆ ಮುದುಕಿಯ ಪ್ರಿಂಟರ್ ಕೆಟ್ಟಿದೆ ಎಂದು ಡಿಸ್ಕು ಕೊಟ್ಟು ಹೊರಟೆ. ನನಗೆ ಸಿಟ್ಟು ಬಂತು. ಹಿಂದಿನ ವಾರ ನಾಯಕಿಯನ್ನು ಬಾವಿಗೆ ತಳ್ಳಿ ನಿಲ್ಲಿಸಿದ್ದರು, ಬದುಕಿದಳೋ ಇಲ್ಲವೋ ನೋಡಬೇಕಿತ್ತು. ಮದ್ದಿನ ಫೋಲ್ಡರ್ ಮುಟ್ಟಲೇ ಇಲ್ಲ. ಹಳೆಯ ಆಂಟಿವೈರಸ್ ಕೆಂಪು ಚೌಕ ತೋರಿಸಿ ಗೋಗರೆಯಿತು. ಇದರಿಂದ ನಕಲು ತಡವಾಗುತ್ತದೆ ಎಂದು ಅದನ್ನೂ ಆರಿಸಿದೆ. ಆರಿಸಿದ್ದು ನಾನು, ಒಸ್ವೆಲ್. ಈ ಕೈ.

ಅಣ್ಣನ ಮಗಳು ದೈಲೆನ್ ಬಂದು ತನ್ನ ಹದಿನೈದನೇ ಹುಟ್ಟುಹಬ್ಬದ ಫೋಟೋ ತೆರೆಯಲು ಹೋದಳು. ಐದು ಬಾಡಿಗೆ ಉಡುಪು, ಮೂರು ದಿನದ ಚಿತ್ರಗಳು. ಒಂದನ್ನೂ ಇನ್ನೂ ಅಚ್ಚು ಹಾಕಿಸಿರಲಿಲ್ಲ. ಆ ಮಗು ಹುಟ್ಟಿದಂದಿನಿಂದ ಎವೆಲಿಯೋ ಆ ಮೂರು ದಿನಕ್ಕೆಂದೇ ದುಡಿದಿದ್ದ. "ಇನ್ನೊಂದ್ಕಡೆ ಒಂದು ನಕಲು ಇಟ್ಕೊಳ್ಳೋ" ಎಂದು ನೀನು ಹೇಳಿದಾಗ ಅವನು, "ನನ್ನ ಮನೆ ಪೆಟ್ಗೆಗೆ ಕೈ ಹಾಕೋ ಗಂಡ್ಸು ಯಾವನೋ?" ಎಂದು ಎದೆ ತಟ್ಟಿಕೊಂಡಿದ್ದ. ಈಗ ಫೋಲ್ಡರುಗಳೆಲ್ಲ ಮಾಯ. ಇದ್ದ ಜಾಗದಲ್ಲಿ ಪುಟ್ಟ ಬಾಣದ ಗುರುತುಗಳು, ಒತ್ತಿದರೆ ಏನೂ ಇಲ್ಲ. ದೈಲೆನ್ ಕಿರುಚಿದಳು. ಅಂಗಳದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅಣ್ಣ ಸುತ್ತಿಗೆ ಹಿಡಿದುಕೊಂಡೇ ಒಳಗೆ ನುಗ್ಗಿದ. ಅದೇ ಹೊತ್ತಿಗೆ ನೀನು ಡಿಸ್ಕಿಗೆಂದು ಬಾಗಿಲಲ್ಲಿ ನಿಂತೆ.

"ಯಾರೇ ಮಾಡಿದ್ದು?" ಎಂದು ಅವನು ನನ್ನನ್ನು ಕೇಳಿದ. "ಅವ್ನ ಡಿಸ್ಕಿಂದ ಬಂದದ್ದು" ಎಂದೆ. ಅಷ್ಟೇ ಹೇಳಿದೆ.

ಅವನು ನಿನ್ನ ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ಮುಖ ಜಜ್ಜಿದ. ಒಂದಲ್ಲ, ನಾಲ್ಕು ಸಲ. ನೀನು ಬಿದ್ದಾಗ ನಿನ್ನ ಬಲಗೈ ಮೇಲೆ ಬೂಟು ಊರಿ ತಿರುಚಿದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಆಗಲೂ ನೀನು, "ಹೋಗಿಲ್ಲ ಕಣೋ, ಎಲ್ಲಾ ಒಳಗೇ ಅಡಗಿವೆ! ಎರಡು ನಿಮಿಷ ಕೂರೋಕೆ ಬಿಡೋ, ತೋರಿಸ್ತೀನಿ!" ಎಂದು ರಕ್ತ ಉಗುಳುತ್ತಾ ಕೂಗಿದೆ. "ನನ್ಮುಂದೆ ನಾಟ್ಕ ಆಡ್ತೀಯೇನೋ, ನಾಯಿ!" ಎಂದ ಎವೆಲಿಯೋ ಆ ಸುತ್ತಿಗೆಯನ್ನು ಕಂಪ್ಯೂಟರಿನ ಮೇಲೆ ಬೀಸಿದ. ಪೆಟ್ಟಿಗೆ ಒಡೆದು ಒಳಗಿನದೆಲ್ಲ ಚೂರಾಗುವ ತನಕ ಬಡಿದ. ಆಮೇಲೆ ನಿನ್ನ ತಲೆಗೆ ಎತ್ತಿದ. ನೀನು ನಿನ್ನ ಜೇಬಿನಿಂದ ನೆಲಕ್ಕೆ ಬಿದ್ದಿದ್ದ ಸ್ಕ್ರೂಡ್ರೈವರನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಚುಚ್ಚಿದೆ. ದೈಲೆನ್ ಈಗಲೂ ನಿದ್ದೆಯಲ್ಲಿ ಬೆಚ್ಚಿಬೀಳುತ್ತಾಳೆ.

ಪೊಲೀಸರು ಬಂದಾಗ ನಾನು ಅಣ್ಣನ ತಂಗಿಯಾದೆ. ಒಸ್ವೆಲ್ ಬೇಕೆಂದೇ ವೈರಸ್ ಹಾಕಿದ, ಕೇಳಿದ್ದಕ್ಕೆ ಅವನೇ ಮೊದಲು ಚುಚ್ಚಿದ ಎಂದು ಹೇಳಿ ಸಹಿ ಮಾಡಿದೆ. ಹೆದರಿಕೆಯಿಂದ ಮಾಡಿದೆ ಎಂದರೆ ಅರ್ಧ ಸತ್ಯ. ಕೆಂಪು ಚೌಕ ಆರಿಸಿದ್ದು ಯಾರಿಗೂ ತಿಳಿಯಬಾರದಿತ್ತು, ಅದು ಉಳಿದರ್ಧ.

ಎರಡು ತಿಂಗಳ ನಂತರ ನಾನು ಕೆಲಸ ಮಾಡುವ ಆಸ್ಪತ್ರೆಯ ಕಂಪ್ಯೂಟರಿಗೂ ಅದೇ ಬಾಣಗಳು ಬಂದವು. ರಿಪೇರಿಯವನು ಬಂದ. ಮೊದಲು ವೈರಸ್ ತೆಗೆದ, ಆಮೇಲೆ ಕಪ್ಪು ಪರದೆ ತೆರೆದು ಒಂದೇ ಸಾಲು ಬರೆದ. ರೋಗಿಗಳ ಫೋಲ್ಡರುಗಳೆಲ್ಲ ಒಂದೊಂದಾಗಿ ಎದ್ದು ಬಂದವು. "ಇದು ಏನೂ ತಿನ್ನಲ್ಲ ತಾಯಿ, ಬಚ್ಚಿಡುತ್ತೆ ಅಷ್ಟೇ," ಎಂದು ನಕ್ಕ. ದೈಲೆನ್‌ಳ ಐದೂ ಉಡುಪು, ಅವಳ ನಗು, ಅಪ್ಪನ ಹೆಗಲ ಮೇಲಿನ ಅವಳ ಕೈ, ಎಲ್ಲ ಆ ಪೆಟ್ಟಿಗೆಯಲ್ಲೇ ಇದ್ದವು. ವೈರಸ್ ಉಳಿಸಿದ್ದನ್ನು ಸುತ್ತಿಗೆ ಕೊಂದಿತು. ಸುತ್ತಿಗೆಗೆ ದಾರಿ ತೋರಿಸಿದ್ದು ನನ್ನ ನಾಲಿಗೆ.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಎವೆಲಿಯೋಗೆ ಹೇಳಿದೆ. ಫೋಟೋ ಅಲ್ಲೇ ಇತ್ತು ಎಂದೆ. ಆಂಟಿವೈರಸ್ ಆರಿಸಿದ್ದು ನಾನು ಎಂದೂ ಹೇಳಿದೆ. ಕೋರ್ಟಿನಲ್ಲಿ ಇದನ್ನೇ ಹೇಳುತ್ತೇನೆ ಎಂದಾಗ ಅವನು ಎದ್ದ. "ಒಂದು ಕಣ್ಣು ಅವ್ನು ತೆಗ್ದ. ಇನ್ನೊಂದು ನೀನು ತೆಗೀತೀಯೇನೇ?" ಎಂದು ಮುಷ್ಟಿಯಲ್ಲಿ ಬಾಯಿಗೆ ಹೊಡೆದ. ಆಮೇಲೆ ನೆಲದ ಮೇಲೆ ಕೂತು, ಉಳಿದ ಒಂದೇ ಕಣ್ಣಿನಿಂದ ಅತ್ತ. ನಾನು ಅವನನ್ನು ಸಮಾಧಾನ ಮಾಡಲಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ನಿನ್ನ ಬೆರಳು ಸೆಟೆದು ಹೋಗಿರುವಾಗ ಅದು ಅಗ್ಗದ ಮಾತು. ಗುರುವಾರ ಸಾಕ್ಷಿಗಳಲ್ಲಿ ಮೊದಲು ನನ್ನ ಹೆಸರನ್ನೇ ಕೂಗುತ್ತಾರೆ. ಮುಂದಿನ ಎರಡು ಹಲ್ಲು ಹೋಗಿವೆ, ಗಾಳಿ ನುಗ್ಗಿ ಮಾತು ತೊದಲುತ್ತದೆ. ಮಧ್ಯಾಹ್ನದಿಂದ ಕನ್ನಡಿ ಮುಂದೆ ನಿಂತು ಒಂದೇ ವಾಕ್ಯ ಅಭ್ಯಾಸ ಮಾಡುತ್ತಿದ್ದೇನೆ: "ಒಸ್ವೆಲ್ ಅಲ್ಲ, ನಾನು." ಈಗ ಸ್ಪಷ್ಟವಾಗಿ ಬರುತ್ತಿದೆ.

ಕರುಣೆಯ ಮಾತೆ ಆ ಗೋಡೆಗಳೊಳಗೆ ನಿನ್ನನ್ನು ಕಾಯಲಿ, ನಿನ್ನ ಕೈಗೆ ಮತ್ತೆ ಶಕ್ತಿ ಕೊಡಲಿ.

ಇಂತಿ, ನಿನಗೆ ಅನ್ಯಾಯ ಮಾಡಿದ
ಇದಾಲ್ಮಿಸ್