ಇನ್ನೂ ಜೋರಾಗಿ ಹಾಡೇ

ಮಾರ್ಚ್ ೧೪, ಶುಕ್ರವಾರ

ಬೆಳಗಿನಿಂದ ಕಾಡುತ್ತಿದ್ದದ್ದು ಒಂದೇ: ನ್ಯಾಯಾಧೀಶರ ಎದುರು ನನಗೆ ಮಾತು ಬರುತ್ತದೋ ಇಲ್ಲವೋ. ಬಂತು. ಒಂಬತ್ತು ವರ್ಷ ಗಂಡನಿಂದ ತಿಂದ ಹೊಡೆತವನ್ನೆಲ್ಲ ಹೇಳಿದೆ.

"ಇರೋಕೆ ಬೇರೆ ಮನೆ ಬೇಕೇನಮ್ಮಾ?" ಎಂದು ಕೇಳಿದರು.

"ನಾನ್ಯಾಕೆ ಹೋಗ್ಲಿ ಸ್ವಾಮಿ? ಹೊಡೆದೋರು ಹೋಗ್ಲಿ," ಅಂದುಬಿಟ್ಟೆ. ನಮ್ಮ ವಕೀಲಮ್ಮ ಫೈಲಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು.

ಆದೇಶ ಹಾಗೇ ಆಯಿತು. ಗಂಡ ಮನೆಗೂ ಬರುವಂತಿಲ್ಲ, ನನ್ನ ಹೊಲಿಗೆ ಅಂಗಡಿಗೂ ಬರುವಂತಿಲ್ಲ, ಫೋನೂ ಮಾಡುವಂತಿಲ್ಲ. ಮೀರಿದರೆ ಜೈಲು. ಸಂಜೆ ಪೊಲೀಸಮ್ಮನ ಎದುರೇ ಬಟ್ಟೆ ತುಂಬಿಕೊಂಡ. ಹೊಸ್ತಿಲಲ್ಲಿ ನಿಂತು "ನೋಡ್ಕೋತೀನಿ" ಎಂದು ಗೊಣಗಿದ.

"ದಾರಿ ನೋಡ್ಕೊಳ್ಳಿ, ಸಾಕು," ಅಂದರು ಪೊಲೀಸಮ್ಮ.

ಅವನು ಹೋದದ್ದೇ ತಡ, ಮಗಳು ಬಚ್ಚಲಿಗೆ ಹೊಕ್ಕು ಗಂಟಲು ಹರಿಯುವಂತೆ ಹಾಡಿದಳು. ಅಪ್ಪನ ಭಯಕ್ಕೆ ಪಿಸುಮಾತಿನಲ್ಲೇ ಬೆಳೆದ ಹುಡುಗಿ! ಶ್ರುತಿಯಿಲ್ಲ, ತಾಳವಿಲ್ಲ, ಕತ್ತೆಯೂ ನಾಚಬೇಕು. ನಾನು ಗೋಡೆಗೊರಗಿ ಪೂರ್ತಿ ಕೇಳಿದೆ.

"ಅಮ್ಮಾ, ಜೋರಾಯ್ತಾ?"

"ಇನ್ನೂ ಜೋರಾಗಿ ಹಾಡೇ!"

ಈಗ ಕೈಕಾಲು ಚಾಚಿ ಮಲಗಿದ್ದಾಳೆ. ಬೇಗ ಒಬ್ಬ ಸಂಗೀತದ ಮೇಷ್ಟರನ್ನು ಹುಡುಕಬೇಕು. ಇಲ್ಲದಿದ್ದರೆ ಅಕ್ಕಪಕ್ಕದವರೇ ನಮ್ಮ ಮೇಲೆ ಕೇಸು ಹಾಕಿ... ಕಣ್ಣು ಎಳೆಯುತ್ತಿದೆ.