ಓರೆಯಾಗಿ ನಿಂತ ನಕ್ಷತ್ರ

ನವೆಂಬರ್ 18, ಬೀದರ್

ನಕ್ಷೆಯ ಗೆರೆ ಎಳೆಯುವ ಡ್ರಾಫ್ಟರಿನ ಸ್ಕ್ರೂ ಮತ್ತೆ ಸಡಿಲ. ಕರ್ಚೀಫು ಸುತ್ತಿ ಬಿಗಿ ಮಾಡಿದೆ. ಶೀಟಿನ ಮೂಲೆಗಳಿಗೆ ಟೇಪು ಹಚ್ಚಿದೆ. ನೆಲವೂ ಗೋಡೆಯೂ ಕೂಡುವ ಎಕ್ಸ್-ವೈ ಗೆರೆ ಎಳೆದೆ. ಅಲ್ಲಿಗೆ ಕೈ ನಿಂತಿತು.

ಅದೇ ಲೆಕ್ಕ. ಪಂಚಕೋನದ ತಗಡು, ಒಂದು ಅಂಚು ನೆಲಕ್ಕೆ ಊರಿದೆ. ಮೈ ನೆಲಕ್ಕೆ ನಲವತ್ತೈದು ಡಿಗ್ರಿ ವಾಲಿದೆ. ಆ ಅಂಚು ಎದುರಿನ ಗೋಡೆಗೆ ಮೂವತ್ತು ಡಿಗ್ರಿ ಓರೆ. ಮೇಲಿನಿಂದ ನೋಡಿದರೆ ಹೇಗೆ, ಮುಂದಿನಿಂದ ನೋಡಿದರೆ ಹೇಗೆ — ಬರೆಯಿರಿ.

ಹೋದ ಸಲ ಇಂಜಿನಿಯರಿಂಗ್ ಗ್ರಾಫಿಕ್ಸ್ ಪೇಪರು ಹೋದದ್ದು ಇದರಲ್ಲೇ. ಜನವರಿಯಲ್ಲೂ ಹೋದರೆ ಇಯರ್ ಬ್ಯಾಕ್. ಶೈಸ್ತಾ ಮುಂದಿನ ವರ್ಷಕ್ಕೆ, ನಾನು ಇಲ್ಲೇ, ಹೊಸ ಹುಡುಗಿಯರ ಜೊತೆ.

ಶೈಸ್ತಾ ಔರಾದಿನವಳು, ನನ್ನ ರೂಮ್‌ಮೇಟ್. ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅರೇ ಯಾರ್, ನಿನ್ನ ಪಂಚಕೋನ ಕುಡದ್ ಬಂದದೇನು? ನೆಟ್ಟಗ ನಿಂದರವಲ್ದು."

ನಕ್ಕೆವು. ಆಮೇಲೆ ಅಳಿಸಿದೆ. ಶೀಟು ತೂತಾಯಿತು.

ನವೆಂಬರ್ 20

ಮಚ್ಛೇಂದ್ರ ಸರ್ ಶೀಟು ನೋಡಿದರು. ತೂತಿನ ಮೇಲೆ ಬೆರಳಿಟ್ಟರು. ಆಮೇಲೆ —

"ನವೊಮಿ, ಎರಡೂ ಕೋನ ಒಮ್ಮಿಗೇ ಯಾಕ ಹಿಡೀಲಿಕತ್ತೀರಿ? ಮೊದ್ಲು ಮಲಗಸ್ರಿ. ಆಮ್ಯಾಲ ಎಬ್ಬಸ್ರಿ. ಆಮ್ಯಾಲ ತಿರಗಸ್ರಿ. ಒಂದರ ಹಿಂದ ಒಂದು."

ಹೂಂ ಎಂದೆ. ತಿಳಿಯಲಿಲ್ಲ. ಎಬ್ಬಿಸಿದ ಮೇಲೆ ತಿರುಗಿಸಿದರೆ ಎಬ್ಬಿಸಿದ್ದು ಕೆಡುವುದಿಲ್ಲವೇ? ಕೇಳಬೇಕೆಂದಿದ್ದೆ. ಹಿಂದೆ ಹುಡುಗರ ಸಾಲು ಇತ್ತು. ಬಂದುಬಿಟ್ಟೆ.

ನವೆಂಬರ್ 29, ಹಲಬರ್ಗಾ

ಭಾಲ್ಕಿ ಬಸ್ಸಿನಲ್ಲಿ ಊರಿಗೆ. ಕೈಯಲ್ಲಿ ಶೀಟಿನ ಸುರುಳಿ. ಪಕ್ಕದ ಮುದುಕ, "ಕ್ಯಾಲೆಂಡರ್ ಏನವ್ವಾ? ನಂಗೊಂದು ಕೊಡು" ಎಂದ. ಸುರುಳಿ ಬಿಚ್ಚಿ ಪಂಚಕೋನ ತೋರಿಸಿದೆ. ಕಿಟಕಿಯ ಕಡೆ ತಿರುಗಿದ.

ಅಜ್ಜಿಯ ಮಂಚ ಕಿಟಕಿಗೆ ಹತ್ತಿಸಿ ಹಾಕಿದ್ದಾರೆ. ದೀಪಾವಳಿಗೆ ಮುಂಚೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡವಳು, ಇನ್ನೂ ಎದ್ದಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ.

"ಈ ಸಲ ನಾ ಚರ್ಚಿಗೆ ಬರೋದು ಆಗಂಗಿಲ್ಲ. ನಕ್ಷತ್ರ ಆದ್ರೂ ಇಲ್ಲಿಂದ ಕಾಣ್ಲಿ. ಅದು ಕಾಣೋತನ ಕರ್ಚಿಕಾಯಿಗೆ ಎಣ್ಣಿ ಇಡಬ್ಯಾಡ್ರಿ."

ಇದು ಅಜ್ಜಿಯ ಹಳೆಯ ಕಾನೂನು. ಚರ್ಚಿನ ಮೇಲೆ ಕ್ರಿಸ್ಮಸ್ ನಕ್ಷತ್ರ ಏರಿದ ಮೇಲೆಯೇ ಒಲೆಗೆ ಬಾಣಲೆ. ಆದರೆ ಚರ್ಚಿನ ಮಾಳಿಗೆಯ ನಕ್ಷತ್ರ ಪ್ರತಿ ವರ್ಷ ರಸ್ತೆಗೆ ಮುಖ ಮಾಡಿ ನಿಲ್ಲುತ್ತದೆ. ನಮ್ಮ ಮನೆ ಚರ್ಚಿನ ಬಗಲಿಗೆ, ಓಣಿಯಾಚೆ. ಇಲ್ಲಿಂದ ನಕ್ಷತ್ರ ಕಾಣುವುದಿಲ್ಲ, ಅದರ ಅಂಚಷ್ಟೇ ಒಂದು ಕೋಲಿನಂತೆ ಕಾಣುತ್ತದೆ.

ನವೆಂಬರ್ 30, ಭಾನುವಾರ

ಆರಾಧನೆ ಮುಗಿಯಿತು. ಯೇಸುದಾಸ ಮಾಮಾ ಚರ್ಚ್ ಕಮಿಟಿಯ ಸೆಕ್ರೆಟರಿ, ಅಜ್ಜಿಯ ಹಿರಿಯ ಮಗ. ಕಿಟಕಿಯ ಹೊರಗೆ ನಿಂತು ವಾದ.

"ನಕ್ಷತ್ರ ದಾರಿ ಮ್ಯಾಲಿನ ಮಂದಿಗಿ ಅದ, ಅವ್ವಾ. ಒಬ್ಬಾಕಿ ಮುದುಕಿಗಿ ಅಲ್ಲ."

"ಆ ಒಬ್ಬಾಕಿ ಮುದುಕೀನೇ ನಿಂಗ ಹಾಲು ಕುಡ್ಸ್ಯಾಳ."

ಅಲ್ಲಿಗೆ ಮುಗಿಯಿತು. ರಾಜಿ ಇದು: ನಕ್ಷತ್ರವನ್ನು ಅರ್ಧ ರಸ್ತೆಗೆ, ಅರ್ಧ ಅಜ್ಜಿಗೆ ತಿರುಗಿಸುವುದು. ತಲೆ ಮುಂದಕ್ಕೆ ಬಾಗಿಸುವುದು — ನಕ್ಷತ್ರ ಅಷ್ಟೆತ್ತರ, ಅಜ್ಜಿಯ ಮಂಚ ಇಷ್ಟು ಕೆಳಗೆ.

ಮಾಮಾ, ನಾನು ಮಾಳಿಗೆ ಹತ್ತಿದೆವು. ಬಿದಿರಿನ ನಕ್ಷತ್ರ, ಕೆಂಪು ಕಾಗದ, ಒಳಗೆ ಬಲ್ಬು. ಪೈಪಿನ ತುದಿಗೆ ತಂತಿಯಿಂದ ಕಟ್ಟಿ, ಪೈಪನ್ನು ಗೋಡೆಯ ಕ್ಲಾಂಪಿನಲ್ಲಿ ನಿಲ್ಲಿಸಿದೆವು. ಅರ್ಧ ತಿರುಗಿಸಿದೆವು. ಆಮೇಲೆ ಮೇಲಿನ ಮೊನೆಗೆ ಹಗ್ಗ ಹಾಕಿ ಜಗ್ಗಿದೆವು, ಬಾಗಲೆಂದು. ರಸ್ತೆಯ ಗೋಡೆಗೆ ಹಗ್ಗ ಕಟ್ಟಿದರೆ ತಲೆ ರಸ್ತೆಗೆ ಹೋಯಿತು. ಓಣಿಯ ಗೋಡೆಗೆ ಕಟ್ಟಿದರೆ ಓಣಿಗೆ. ಜಗ್ಗಿದಷ್ಟೂ ಮೈ ತಿರುಚಿತು.

ಕೆಳಗಿನಿಂದ ಅಜ್ಜಿ: "ಏನದು? ಹಲ್ಲಿ ಗ್ವಾಡಿ ಹತ್ತಿದಾಂಗ ಕಾಣ್ಲಿಕತ್ತದ!"

"ಮಾಡೋರು ನಾವು, ಹೇಳೋರು ಅವ್ರು" ಎಂದು ಮಾಮಾ ಕೂತುಬಿಟ್ಟರು.

ನಾನೂ ಕೂತೆ. ಹಗ್ಗ ನೋಡಿದೆ, ನಕ್ಷತ್ರ ನೋಡಿದೆ... ಎರಡೂ ಕೋನ ಒಮ್ಮೆಗೇ ಹಿಡಿದಿದ್ದೇವೆ. ಇದು ನನ್ನದೇ ಶೀಟು! ಮಾಳಿಗೆಯ ಮೇಲೆ!

"ಮಾಮಾ, ಇಳಸೋಣ. ಮೊದ್ಲು ಮಲಗಸೋಣ."

"ಯಾರ್ನ?"

"ನಕ್ಷತ್ರನ."

ಪೈಪು ಸಮೇತ ಮಲಗಿಸಿದೆವು. ಪೈಪಿಗೂ ಮೇಲಿನ ಮೊನೆಗೂ ನಡುವೆ ಬಿದಿರಿನ ತುಂಡು ಕೊಟ್ಟು, ತಲೆ ಬೇಕಾದಷ್ಟು ಬಾಗಿಸಿ, ತಂತಿ ಬಿಗಿದೆವು. ನಿಲ್ಲಿಸಿದೆವು. ನಕ್ಷತ್ರ ರಸ್ತೆಗೆ ತಲೆಬಾಗಿ ನಿಂತಿತು. ಕ್ಲಾಂಪು ಸಡಿಲ ಮಾಡಿ ಪೈಪನ್ನಷ್ಟೇ ಮೆಲ್ಲಗೆ ತಿರುಗಿಸಿದೆ. ಬಾಗು ಇದ್ದ ಹಾಗೇ ಇತ್ತು. ಮೈಯೆಲ್ಲ ತಿರುಗಿತು, ಬಾಗು ಕದಲಲಿಲ್ಲ.

ಸರ್ ಹತ್ತಿರ ಕೇಳದೆ ಬಂದ ಪ್ರಶ್ನೆಗೆ ಉತ್ತರ.

"ಇನ್ನೊಂಚೂರು... ಇನ್ನೊಂಚೂರು... ಸಾಕ್!" ಅಜ್ಜಿಯ ದನಿ. ಆಮೇಲೆ — "ನವೊಮಿ, ಒಂದ್ ಕೈ ಗಿಡ್ಡ ಅದಲ್ಲ?"

"ಗಿಡ್ಡ ಇಲ್ಲಜ್ಜಿ. ಓರೆ ನಿಂತದ, ಅದಕ್ಕ ಹಂಗ ಕಾಣ್ತದ. ಐದೂ ಕೈ ಒಂದೇ ಅಳತಿ."

ಕಿಟಕಿಯಿಂದ ಮತ್ತೆ ಅಜ್ಜಿ:

"ಹಂಗಾದ್ರ ಇರ್ಲಿ. ನೀ ಹೇಳಿದ್ಮ್ಯಾಲ ಉದ್ದ ಕಾಣ್ಲಿಕತ್ತದ."

ಮಾಮಾ ರಸ್ತೆಗೆ ಇಳಿದು ನೋಡಿ ಬಂದರು. ಅಲ್ಲಿಂದಲೂ ಐದೂ ಕೈ ಕಾಣುತ್ತವಂತೆ. ಸಂಜೆ ಬಲ್ಬು ಹತ್ತಿತು. ಅತ್ತೆ ಬಾಣಲೆ ಇಟ್ಟರು. ಕರ್ಚಿಕಾಯಿ ಒಂದು ಸೀದುಹೋಯಿತು, ಅದು ನನಗೆ.

ಡಿಸೆಂಬರ್ 2, ಬೀದರ್

ಪಂಚಕೋನ ಮಲಗಿಸಿದೆ, ನಿಜ ಆಕಾರ ಬರೆದೆ. ಎಬ್ಬಿಸಿದೆ — ಮೇಲಿನಿಂದ ನೋಡಿದರೆ ಚಪ್ಪಟೆಯಾಯಿತು. ಆ ಚಪ್ಪಟೆ ಆಕಾರವನ್ನೇ ಹಾಗೇ ಎತ್ತಿ, ಓರೆ ತಿರುಗಿಸಿ ಇಟ್ಟೆ. ಎತ್ತರಗಳು ಹಿಂದಿನವೇ. ಗೆರೆಗಳು ತಾವಾಗಿಯೇ ಬಂದು ಕೂಡಿದವು.

ಸರ್ ನೋಡಿ, "ಯಾರ್ ಹೇಳಿಕೊಟ್ರು?" ಎಂದರು.

"ನೀವೇ ಸರ್. ನಂಗ ಗೊತ್ತಾಗಿದ್ದು ತಡ."

ಜನವರಿ 6

ಇವತ್ತು ನಕ್ಷತ್ರ ಇಳಿಸುವ ದಿನ. ಮಾಮಾ ಫೋನು.

"ನಿಮ್ಮಜ್ಜಿ ಇಳಸಗೊಡವಲ್ಲಳು. ಹುಡುಗಿ ಪಾಸ್ ಆಗೋತನ ಇರ್ಲಿ ಅಂತಾಳ. ಪಾಸ್ಟರ್ ನಗ್ಲಿಕತ್ತಾರ. ಈ ವರ್ಷ ಈಸ್ಟರಿಗೂ ಕ್ರಿಸ್ಮಸ್ಸೇ ಆಗ್ತದ ನೋಡು."

ಹೆದರಿಕೆ ಹೆಚ್ಚಾಯಿತು. ಓದಿದೆ.

ಜನವರಿ 13

ಪೇಪರು ಆಯಿತು. ಈ ಸಲ ಷಟ್ಕೋನ, ಕೋನಗಳೂ ಬೇರೆ. ಲೆಕ್ಕ ಎರಡು ಸಲ ಓದಿದೆ. ಪೆನ್ಸಿಲ್ ಕೆಳಗಿಟ್ಟೆ. ಮಾಳಿಗೆ ನೆನೆದೆ. ಮೊದಲು ಮಲಗಿಸಿದೆ.

ಫೆಬ್ರವರಿ 17, ಬೀದರ್ ಬಸ್ ಸ್ಟ್ಯಾಂಡು

ಪಾಸು. ಹಾಸ್ಟೆಲಿನಲ್ಲಿ ಶೈಸ್ತಾ ಕೂಗಿದ ಕೂಗಿಗೆ ವಾರ್ಡನ್ ಮೇಲೆ ಓಡಿ ಬಂದರು.

ಅಜ್ಜಿಗೆ ಫೋನು ಮಾಡಿದೆ. ಈಗ ಕೋಲು ಹಿಡಿದು ಬಾಗಿಲತನಕ ನಡೆಯುತ್ತಾಳಂತೆ.

"ಪಾಸ್ ಆದ್ಯಲ್ಲ, ಹಂಗಾದ್ರ ಯೇಸುದಾಸಗ ಹೇಳ್ತೀನಿ, ನಕ್ಷತ್ರ ಇಳಸ್ಲಿ."

"ಬ್ಯಾಡಜ್ಜಿ. ನಾ ಬರ್ಲಿಕತ್ತೀನಿ. ನಿನ್ ಮಂಚದ ಮ್ಯಾಲಿಂದ ಹ್ಯಾಂಗ ಕಾಣ್ತದ ಅಂತ ನಾ ನೋಡೇ ಇಲ್ಲ."

"ಕಾಗದೆಲ್ಲ ಹರದಾವ, ಬರೀ ಬಿದಿರು ಉಳದದ."

"ಇರ್ಲಿ. ಬಿದಿರಾದ್ರ ಗೆರಿ ಎಲ್ಲ ಚಂದ ಕಾಣ್ತಾವ."

ಮಂಚದ ಮೇಲೆ ಅವಳ ಪಕ್ಕ ಮಲಗಿ ನೋಡಬೇಕು. ಆ ಗಿಡ್ಡ ಕೈ ನಿಜಕ್ಕೂ ಎಷ್ಟು ಗಿಡ್ಡ ಕಾಣುತ್ತದೋ — ಭಾಲ್ಕಿ ಬಸ್ಸು ಬಂತು. ಕಿಟಕಿ ಸೀಟು ಹಿಡಿಯಬೇಕು.