ಎಕ್ಸ್‌ಪೈರ್ಡ್

ಫೋನು, ಇಮೇಲು ನಡೆಸುವ ಆ ದೊಡ್ಡ ಕಂಪೆನಿಯನ್ನು ಒಡೆದು ಹಲವು ಕಂಪೆನಿ ಮಾಡಬೇಕೇ ಎಂದು ವಿಚಾರಿಸುವ ಮಾನ್ಯರಿಗೆ, ಬೆಳ್ತಂಗಡಿಯಿಂದ ನಮಸ್ಕಾರಗಳು.

ತೀರಿಹೋದ ಹೆಂಡತಿ ಜಲಜಾಕ್ಷಿಯ ಫೋನಿನ ಖಾತೆ ತೆರೆದುಕೊಡಿ ಎಂದು ಆ ಕಂಪೆನಿಗೆ ಬರೆದೆ. ‘ಮೈ ವೈಫ್ ಈಸ್ ಎಕ್ಸ್‌ಪೈರ್ಡ್.’ ಕಾಲೇಜಿನ ಇಂಗ್ಲಿಷು, ಮೂಡುಬಿದಿರೆಯದ್ದು. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದಲ್ಲವೇ? ಅವರ ಯಂತ್ರ, ಖಾತೆಯ ಅವಧಿಯೇ ಮುಗಿಯಿತೆಂದು ತಿಳಿದು, ಶುಕ್ರವಾರ ಎಲ್ಲ ಅಳಿಸುತ್ತೇನೆ ಎಂದಿದೆ. ಆ ಖಾತೆಯಲ್ಲಿ ಅವಳು ನನ್ನನ್ನು ತುಳುವಿನಲ್ಲಿ ಊಟಕ್ಕೆ ಕರೆಯುವ ದನಿ ಉಂಟು: “ಓಲುಲ್ಲರ್ ಮಾರಾಯ್ರೆ, ವಣಸ್‌ಗ್ ಬಲೆ!” ಬೇರೆಲ್ಲಿಯೂ ಇಲ್ಲ.

ದೂರು ಕೊಡುವ ಎಂದರೆ ಫೋನು, ಇಮೇಲು, ಫೋಟೋ ಎಲ್ಲ ಅವರದ್ದೇ. ಎಲ್ಲಿ ತಟ್ಟಿದರೂ ಅದೇ ಯಂತ್ರ ಉತ್ತರಿಸುತ್ತದೆ. ಒಡೆಯಿರಿ ಸ್ವಾಮಿ, ಇನ್ನೊಂದು ಬಾಗಿಲಾದರೂ ಇರಲಿ. ಅದುವರೆಗೆ ಅಳಿಸಬಾರದೆಂದು ದಯವಿಟ್ಟು ಆದೇಶ ಕೊಡಿ. ಒಡೆದ ಮೇಲೆ ಅವಳ ದನಿ ಯಾವ ತುಂಡಿನಲ್ಲಿ ಉಳಿಯಿತೆಂದು ಅಂಚೆಯಲ್ಲಿ ತಿಳಿಸಿದರೆ, ಎಲ್ಲಿದ್ದರೂ ಬರುತ್ತೇನೆ.

ನಿಮ್ಮನ್ನೇ ನಂಬಿದ,
ಮುಂಡಪ್ಪ